ತುಟಿಯ ಗುಳ್ಳೆ, ಕೂಸಿನ ಕೆನ್ನೆ

ಜ್ವರ ಬಿಟ್ಟ ಮೇಲೆ ತುಟಿಯ ಅಂಚಿನಲ್ಲಿ ಗುಂಪಾಗಿ ಏಳುವ ನೀರುಗುಳ್ಳೆಗಳಿಗೆ ಹರ್ಪಿಸ್ ಸಿಂಪ್ಲೆಕ್ಸ್ ಎಂಬ ವೈರಸ್ಸಿನ ಒಂದನೇ ಬಗೆ ಕಾರಣ. ಶಿವಮೊಗ್ಗ–ಭದ್ರಾವತಿ ರಸ್ತೆಯ ಮಲವಗೊಪ್ಪವಿರಲಿ, ಬೇರೆ ಯಾವ ಊರೇ ಇರಲಿ, ಇದನ್ನು ಮೈಯ ಉಷ್ಣ ಎಂದೋ, ರಾತ್ರಿ ಜೇಡ ಮುಖದ ಮೇಲೆ ಹರಿದದ್ದೆಂದೋ ಹೇಳಿ ಸುಮ್ಮನಾಗುವವರು ಬಹಳ. ಜೇಡಕ್ಕೂ ಇದಕ್ಕೂ ಸಂಬಂಧವಿಲ್ಲ. ಜ್ವರ, ಸುಡುಬಿಸಿಲು, ನಿದ್ದೆಗೇಡು, ಮುಟ್ಟು, ಮನಸ್ಸಿನ ಒತ್ತಡ ಇವೆಲ್ಲ ಮೊದಲೇ ಒಳಗಿದ್ದ ವೈರಸ್ಸನ್ನು ಎಬ್ಬಿಸುತ್ತವೆ, ಅಷ್ಟೆ. ಬಾಯಿಯೊಳಗೆ ಆಗಾಗ ಏಳುವ ಬಿಳಿ ಹುಣ್ಣು ಬೇರೆ, ಅದು ಅಂಟುವುದಿಲ್ಲ. ಕಟವಾಯಿ ಬಿರಿಯುವುದೂ ಬೇರೆ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ 50 ವರ್ಷದೊಳಗಿನ ಸುಮಾರು 380 ಕೋಟಿ ಜನರಲ್ಲಿ, ಅಂದರೆ ನೂರರಲ್ಲಿ 64 ಮಂದಿಯಲ್ಲಿ, ಈ ವೈರಸ್ ಇದೆ. ಆದ್ದರಿಂದ ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ಹೆಚ್ಚಿನವರಿಗೆ ಇದು ಅಂಟುವುದು ಬಾಲ್ಯದಲ್ಲಿ, ಅದೂ ಮನೆಯವರಿಂದಲೇ. ಬಹುಪಾಲು ಮಕ್ಕಳಲ್ಲಿ ಅಂಟಿದ್ದೇ ಗೊತ್ತಾಗುವುದಿಲ್ಲ. ಕೆಲವರಿಗೆ ಮಾತ್ರ ಜ್ವರ ಬಂದು, ಒಸಡು ಕೆಂಪಗೆ ಊದಿ, ಬಾಯಿ ತುಂಬ ಹುಣ್ಣಾಗಿ ಗಂಜಿಯೂ ಇಳಿಯದಂತಾಗುತ್ತದೆ. ಆಗ ನೀರಿನಂಶ ಕಡಿಮೆಯಾಗದಂತೆ ನೋಡಿಕೊಳ್ಳುವುದೇ ಮುಖ್ಯ. ಹುಣ್ಣು ಮಾಯುತ್ತದೆ, ವೈರಸ್ ಹೋಗುವುದಿಲ್ಲ. ನರದ ಜಾಡು ಹಿಡಿದು ತಲೆಬುರುಡೆಯೊಳಗಿನ ನರಗಂಟು ಸೇರಿ ಜೀವಮಾನವಿಡೀ ಅಲ್ಲೇ ಉಳಿಯುತ್ತದೆ. ಎಚ್ಚರವಾದಾಗಲೆಲ್ಲ ಅದೇ ಜಾಡಿನಲ್ಲಿ ತುಟಿಗೆ ಮರಳುತ್ತದೆ.

ಮರಳುವ ಮೊದಲೇ ಸುಳಿವು ಸಿಗುತ್ತದೆ. ಒಂದು ಜಾಗದಲ್ಲಿ ಚುಮುಚುಮು, ನವೆ, ಸಣ್ಣ ಉರಿ. ಒಂದು ದಿನದೊಳಗೆ ಅಲ್ಲೇ ನೀರುಗುಳ್ಳೆ. ಅದು ಒಡೆದು, ಹಸಿ ಹುಣ್ಣಾಗಿ, ಹಕ್ಕಳೆ ಕಟ್ಟಿ ವಾರ ಹತ್ತು ದಿನದಲ್ಲಿ ಮಾಯುತ್ತದೆ. ಚುಮುಚುಮು ಶುರುವಾದಾಗಿನಿಂದ ಹಕ್ಕಳೆ ಉದುರಿ ಹೊಸ ಚರ್ಮ ಬರುವವರೆಗೂ ಅಂಟುವ ಕಾಲವೇ. ಗುಳ್ಳೆ ಒಡೆದು ರಸ ಸೋರುವಾಗಿನ ಅಪಾಯ ಎಲ್ಲಕ್ಕಿಂತ ಹೆಚ್ಚು. ಗುಳ್ಳೆಯೇ ಇಲ್ಲದ ದಿನಗಳಲ್ಲೂ ಒಮ್ಮೊಮ್ಮೆ ಜೊಲ್ಲಿನಲ್ಲಿ ವೈರಸ್ ಇಳಿಯುವುದುಂಟು. ಅದಕ್ಕೇ ಯಾರಿಂದ ಬಂತೆಂದು ಮನೆಯಲ್ಲಿ ತಪ್ಪಿತಸ್ಥರನ್ನು ಹುಡುಕುವುದು ವ್ಯರ್ಥ.

ಹರಡುವುದು ಮುಖ್ಯವಾಗಿ ಮುತ್ತಿನಿಂದ, ಜೊಲ್ಲಿನಿಂದ, ಹುಣ್ಣನ್ನು ನೇರವಾಗಿ ಮುಟ್ಟುವುದರಿಂದ. ಲೋಟವನ್ನು ತುಟಿಗೆ ತಾಗಿಸದೆ ಎತ್ತಿ ಕುಡಿಯುವುದು, ಎಂಜಲು ತಿನ್ನದಿರುವುದು ಎಂಬ ಹಿರಿಯರ ಕಟ್ಟಲೆ ಇಲ್ಲಿ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಆದರೆ ಮಕ್ಕಳ ವಿಷಯದಲ್ಲಿ ಅದೇ ಕಟ್ಟಲೆ ಸಡಿಲವಾಗುತ್ತದೆ. ಅಜ್ಜಿ ಅಗಿದು ಮೆತ್ತಗೆ ಮಾಡಿ ಮೊಮ್ಮಗುವಿನ ಬಾಯಿಗಿಡುವ ತುತ್ತು, ಶಾಲೆಯಲ್ಲಿ ಅಂಗಿಯ ಚುಂಗಿನಲ್ಲಿಟ್ಟು ಕಾಗೆ ಎಂಜಲು ಮಾಡಿ ಹಂಚಿಕೊಳ್ಳುವ ಪೆಪ್ಪರಮೆಂಟು, ಒಬ್ಬರು ಕಚ್ಚಿದ ಐಸ್‌ಕ್ಯಾಂಡಿ ಇನ್ನೊಬ್ಬರಿಗೆ. ಗುಳ್ಳೆ ಇರುವಷ್ಟು ದಿನ ಇವನ್ನೆಲ್ಲ ನಿಲ್ಲಿಸಬೇಕು. ಟವೆಲ್, ಲಿಪ್‌ಬಾಮ್, ಗಡ್ಡದ ರೇಜರ್, ಲೋಟ ಬೇರೆಯೇ ಇರಲಿ. ವಸ್ತುಗಳ ಮೇಲೆ ವೈರಸ್ ಹೆಚ್ಚು ಹೊತ್ತು ಬಾಳುವುದಿಲ್ಲ, ಸೋಪಿನ ನೀರಿಗೆ ಸಾಯುತ್ತದೆ. ಆದ್ದರಿಂದ ಒಂದೇ ಬಸ್ಸಿನಲ್ಲಿ ಓಡಾಡಿದರೆ, ಒಂದೇ ಪಂಕ್ತಿಯಲ್ಲಿ ಉಂಡರೆ ಬರುವ ರೋಗ ಇದಲ್ಲ.

ನಿಜವಾದ ಭಯ ಇರುವುದು ಹಸುಗೂಸಿಗೆ. ಹುಟ್ಟಿದ ಮೊದಲ ನಾಲ್ಕು ವಾರಗಳಲ್ಲಿ ಈ ವೈರಸ್ ತಗುಲಿದರೆ ಮಿದುಳು, ಯಕೃತ್ತಿಗೆ ಹಬ್ಬಿ ಪ್ರಾಣಕ್ಕೇ ಕುತ್ತಾಗಬಹುದು. ನಮ್ಮಲ್ಲಿ ತೊಟ್ಟಿಲು ಶಾಸ್ತ್ರ ಬರುವುದೂ ಆ ವಾರಗಳಲ್ಲೇ. ನೆಂಟರು ಕೈಯಿಂದ ಕೈಗೆ ಕೂಸನ್ನು ಎತ್ತಿಕೊಳ್ಳುತ್ತಾರೆ, ಒಬ್ಬೊಬ್ಬರೂ ಕೆನ್ನೆಗೊಂದು ಮುತ್ತು. ತುಟಿಯಲ್ಲಿ ಗುಳ್ಳೆ ಇದ್ದವರು, ಅಜ್ಜ ಅಜ್ಜಿಯೇ ಆಗಲಿ, ಆ ದಿನ ದೂರದಿಂದಲೇ ಹರಸಬೇಕು. ಬೇಡವೆಂದು ಹೇಳುವ ಧೈರ್ಯ ಬಾಣಂತಿಗೆ ಇರುವುದಿಲ್ಲ; ಮನೆಯ ಹಿರಿಯರೇ ಆ ಮಾತನ್ನು ಮೊದಲು ಆಡಿಬಿಡುವುದು ಒಳ್ಳೆಯದು. ಬಾಣಂತಿಗೇ ಗುಳ್ಳೆ ಎದ್ದರೆ ಎದೆಹಾಲು ನಿಲ್ಲಿಸಬೇಕಿಲ್ಲ: ಕೈ ತೊಳೆದು, ಬಾಯಿಗೆ ಮಾಸ್ಕ್ ಕಟ್ಟಿ, ಮುತ್ತಿಡದೆ ಹಾಲೂಡಿಸಬಹುದು. ಮೊಲೆಯ ಮೇಲೇ ಹುಣ್ಣಿದ್ದರೆ ಮಾತ್ರ ಆ ಬದಿಯ ಹಾಲು ಬೇಡ. ಕೂಸು ಹಾಲು ಬಿಟ್ಟರೆ, ಮಂಕಾದರೆ, ಜ್ವರ ಬಂದರೆ, ಮೈಮೇಲೆ ನೀರುಗುಳ್ಳೆ ಕಂಡರೆ ಬೆಳಗಾಗಲೆಂದು ಕಾಯಬಾರದು.

ತನ್ನದೇ ಮೈಯ ಬೇರೆ ಕಡೆಗೂ ಸೋಂಕು ದಾಟಬಹುದು. ಗುಳ್ಳೆ ಕೆರೆದ ಬೆರಳಿನಿಂದ ಕಣ್ಣುಜ್ಜಿದರೆ ಕಣ್ಣಿಗೆ. ಅಲ್ಲಿ ಕರಿಗುಡ್ಡೆಯ ಮೇಲಿನ ಪಾರದರ್ಶಕ ಪದರದಲ್ಲಿ ಹುಣ್ಣಾಗಿ ದೃಷ್ಟಿ ಮಸುಕಾಗಬಹುದು. ಬಾಯಿಯಿಂದ ನಡೆಸುವ ಸಂಭೋಗದಲ್ಲಿ ಜನನಾಂಗಕ್ಕೂ ಹರಡುತ್ತದೆ, ಗುಳ್ಳೆ ಇರುವಾಗ ಅದನ್ನು ಪೂರ್ತಿ ಬಿಡಬೇಕು. ಹುಣ್ಣಿಗೆ ಸುಣ್ಣ, ಟೂತ್‌ಪೇಸ್ಟ್ ಹಚ್ಚಿದರೆ ಸುಡುತ್ತದೆಯೇ ಹೊರತು ಬೇಗ ಮಾಯುವುದಿಲ್ಲ. ಮೆಡಿಕಲ್ ಶಾಪಿನಲ್ಲಿ ಚೀಟಿಯಿಲ್ಲದೆ ಕೊಳ್ಳುವ ಸ್ಟಿರಾಯ್ಡ್ ಮುಲಾಮು ಅದಕ್ಕಿಂತ ಕೆಟ್ಟದ್ದು, ಕಣ್ಣಿಗೆ ಬಿಡುವ ಸ್ಟಿರಾಯ್ಡ್ ಹನಿಯಂತೂ ಅನಾಹುತ.

ವೈರಸ್ಸನ್ನು ಬೇರುಸಹಿತ ತೆಗೆಯುವ ಔಷಧವಿಲ್ಲ, ತಡೆಯುವ ಲಸಿಕೆಯೂ ಇನ್ನೂ ಇಲ್ಲ. ಅದು ಬೆಳೆಯುವುದನ್ನು ತಡೆಯುವ ಏಸೈಕ್ಲೋವಿರ್ ಇದೆ. ಅದನ್ನು ರೂಪಿಸಿದ ತಂಡದ ಗರ್ಟ್ರೂಡ್ ಎಲಿಯನ್ 1988ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಹಂಚಿಕೊಂಡರು. ಚುಮುಚುಮು ಕಂಡ ಕೂಡಲೇ ವೈದ್ಯರ ಸಲಹೆಯಂತೆ ಮಾತ್ರೆ ಶುರು ಮಾಡಿದರೆ ಗುಣ ಹೆಚ್ಚು. ಹಕ್ಕಳೆ ಕಟ್ಟಿದ ಮೇಲೆ ಅದರಿಂದ ಸಿಗುವುದು ಅಲ್ಪ. ಗುಳ್ಳೆ ಪದೇ ಪದೇ ಏಳುವವರು, ಎರಡು ವಾರವಾದರೂ ಹುಣ್ಣು ಮಾಯದವರು, ಇಸಬು ಇರುವವರು, ಕ್ಯಾನ್ಸರ್ ಚಿಕಿತ್ಸೆ ಅಥವಾ ಎಚ್‌ಐವಿಯಿಂದ ಪ್ರತಿರೋಧ ಶಕ್ತಿ ಕುಗ್ಗಿದವರು ವೈದ್ಯರಿಗೆ ತೋರಿಸಲೇಬೇಕು. ಮಲವಗೊಪ್ಪದವರಿಗೆ ಶಿವಮೊಗ್ಗದ ಮೆಗ್ಗಾನ್ ಬೋಧನಾ ಆಸ್ಪತ್ರೆ ಹತ್ತಿರದಲ್ಲೇ ಇದೆ. ಕಣ್ಣು ಕೆಂಪಾಗಿ ನೋವು ಬಂದು ಬೆಳಕು ನೋಡಲಾಗದಂತಾದರೆ ಅದೇ ದಿನ ಕಣ್ಣಿನ ವೈದ್ಯರನ್ನು ಕಾಣಬೇಕು.