ಅರ್ಧ ಕಾರ್ಟೆಕ್ಸ್, ಒಂದು ಘನ ಮಿಲಿಮೀಟರ್

ಇಲಿಯ ಮಿದುಳು ತೂಗುವುದು ಎರಡೇ ಗ್ರಾಂ. ಅಷ್ಟರಲ್ಲೇ ಸುಮಾರು 20 ಕೋಟಿ ನರಕೋಶಗಳು. ಮೇಲಿನ ತೆಳು ಹೊದಿಕೆಯಾದ ಕಾರ್ಟೆಕ್ಸಿನಲ್ಲಿ 3 ಕೋಟಿ. 1920ರ ದಶಕದಲ್ಲಿ ಅಮೆರಿಕದ ಮನೋವಿಜ್ಞಾನಿ ಕಾರ್ಲ್ ಲ್ಯಾಶ್ಲಿ ಆ ಹೊದಿಕೆಯಲ್ಲಿ ನೆನಪಿನ ಜಾಗ ಹುಡುಕಲು ಹೊರಟರು. ಕವಲುದಾರಿಗಳ ಗೂಡಿನಲ್ಲಿ ಆಹಾರ ಎಲ್ಲಿದೆಯೆಂದು ಇಲಿಗೆ ಕಲಿಸುವುದು, ಆಮೇಲೆ ಕಾರ್ಟೆಕ್ಸಿನ ಒಂದು ಭಾಗವನ್ನು ಸುಟ್ಟು ಮತ್ತೆ ಓಡಿಸುವುದು. ಎಲ್ಲಿ ಸುಟ್ಟರೆ ದಾರಿ ಮರೆಯುತ್ತದೋ ಅಲ್ಲೇ ನೆನಪಿತ್ತು ಎಂದರ್ಥ.

ಅಂಥ ಜಾಗ ಸಿಗಲೇ ಇಲ್ಲ. ಸುಲಭದ ಗೂಡಿನಲ್ಲಿ ಕಾರ್ಟೆಕ್ಸಿನ ಭಾಗ ಕಳೆದುಕೊಂಡ ಇಲಿಗಳೂ ಹೆಚ್ಚು ಕಷ್ಟವಿಲ್ಲದೆ ದಾರಿ ಹಿಡಿದವು. ಕಷ್ಟದ ಗೂಡಿನಲ್ಲಿ ತಪ್ಪುಗಳು ಹೆಚ್ಚಿದವು ನಿಜ. ಆದರೆ ಲೆಕ್ಕಕ್ಕೆ ಬಂದದ್ದು ಎಷ್ಟು ಸುಟ್ಟಿದೆ ಎಂಬುದು, ಎಲ್ಲಿ ಸುಟ್ಟಿದೆ ಎಂಬುದಲ್ಲ. ಅರ್ಧ ಕಾರ್ಟೆಕ್ಸ್ ಹೋಯಿತೆಂದರೆ ಈಗಿನ ಎಣಿಕೆಯಲ್ಲಿ ಒಂದೂವರೆ ಕೋಟಿ ಕೋಶಗಳು ಹೋದಂತೆ! ಸಾಕಾಗಿಹೋದ ಲ್ಯಾಶ್ಲಿ 1950ರ ಲೇಖನದಲ್ಲಿ, ಕಲಿಕೆ ಎಂಬುದು ಸಾಧ್ಯವೇ ಇಲ್ಲವೇನೋ ಎಂದು ತಮಾಷೆ ಮಾಡಿದರು.

ಅವರ ಜಾಣ ಇಲಿ ಕಣ್ಣು, ಮೂಗು, ಮೀಸೆ ಎಲ್ಲವನ್ನೂ ಬಳಸಿ ದಾರಿ ಕಲಿತಿತ್ತು. ಒಂದು ಹೋದರೆ ಇನ್ನೊಂದು ಕೈಹಿಡಿಯುತ್ತಿತ್ತು.

ಮುಂದೆ ಇದೇ ಹುಡುಕಾಟಕ್ಕಿಳಿದ ಮನೋವಿಜ್ಞಾನಿ ರಿಚರ್ಡ್ ಥಾಂಪ್ಸನ್ ಆರಿಸಿಕೊಂಡದ್ದು ಅತಿ ಸಣ್ಣ ನೆನಪನ್ನು. ಮೊಲಕ್ಕೆ ಒಂದು ಸದ್ದು ಕೇಳಿಸಿ, ಅರೆ ಸೆಕೆಂಡಿನೊಳಗೆ ಒಂದು ಕಣ್ಣಿಗೆ ಗಾಳಿ ಊದುವುದು. ನೂರಾರು ಸಲವಾದ ಮೇಲೆ ಬರೀ ಸದ್ದಿಗೇ ಮೊಲ ಕಣ್ಣು ಮುಚ್ಚತೊಡಗುತ್ತದೆ. 1980ರ ದಶಕದ ಆರಂಭದಲ್ಲಿ ಥಾಂಪ್ಸನ್ ಮತ್ತು ಸಂಗಡಿಗರು ಮೊಲದ ಕಿರುಮಿದುಳಿನ ಆಳದಲ್ಲಿ ಸುಮಾರು ಒಂದು ಘನ ಮಿಲಿಮೀಟರ್, ಅಂದರೆ ಸಾಸಿವೆ ಕಾಳಿನಷ್ಟು ಜಾಗವನ್ನು ನಾಶ ಮಾಡಿದರು. ಮೊಲದ ಮಿದುಳು ಸುಮಾರು 9 ಗ್ರಾಂ. ಹೋದದ್ದು ಹೆಚ್ಚುಕಡಿಮೆ 9,000ದಲ್ಲಿ ಒಂದು ಪಾಲು. ಕಲಿತದ್ದು ಪೂರ್ತಿ ಅಳಿಸಿಹೋಯಿತು. ಗಾಳಿ ಊದಿದರೆ ಕಣ್ಣು ಮುಚ್ಚುತ್ತದೆ, ಸದ್ದು ಕೇಳಿದರೆ ಇಲ್ಲ. ಮತ್ತೆ ಎಷ್ಟು ಕಲಿಸಿದರೂ ಆ ಕಣ್ಣಿಗೆ ಬರುವುದಿಲ್ಲ. ನನ್ನನ್ನು ದಂಗುಬಡಿಸುವ ಸಂಗತಿ ಇದರ ಮುಂದಿನದು: ಅದೇ ಮೊಲದ ಇನ್ನೊಂದು ಕಣ್ಣಿಗೆ ಅದೇ ಪಾಠ ಕಲಿಸಿದರೆ, ಏನೂ ಆಗಿಲ್ಲವೆಂಬಂತೆ ಕಲಿಯುತ್ತದೆ!

ಜಾಗದ ಹಟ ಹಕ್ಕಿಗಳಲ್ಲೂ ಇದೆ. ಕೆನಡಾದ ಕಪ್ಪುತಲೆಯ ಚಿಕಡಿ ಹತ್ತು-ಹನ್ನೆರಡು ಗ್ರಾಂ ತೂಗುವ ಹಕ್ಕಿ; ಬೀಜಗಳನ್ನು ಒಂದೊಂದಾಗಿ ಬೇರೆ ಬೇರೆ ಕಡೆ ಬಚ್ಚಿಡುತ್ತದೆ. ಮಿದುಳಿನ ಹಿಪೊಕ್ಯಾಂಪಸ್ ಎಂಬ ಭಾಗವನ್ನು ತೆಗೆದ ಮೇಲೂ ಬಚ್ಚಿಡುವ ಕೆಲಸ ನಿಲ್ಲಲಿಲ್ಲವೆಂದು 1989ರ ಪ್ರಯೋಗ ತೋರಿಸಿತು. ಎಲ್ಲಿಟ್ಟೆನೆಂಬುದು ಮಾತ್ರ ಗೊತ್ತಿಲ್ಲ. ಹುಡುಕಾಟವೆಲ್ಲ ಕುರುಡು ಅದೃಷ್ಟ.

ಇನ್ನು ಆ ಒಂದು ಘನ ಮಿಲಿಮೀಟರಿಗೆ ಬರೋಣ. ಜೇನುನೊಣದ ಇಡೀ ಮಿದುಳಿನ ಗಾತ್ರ ಅಷ್ಟೇ. ಮೊಲ ಒಂದು ರೆಪ್ಪೆಯ ಪಾಠ ಕಳೆದುಕೊಂಡಷ್ಟೇ ಜಾಗದಲ್ಲಿ ಜೇನು ಹೂವಿನ ಬಣ್ಣ, ವಾಸನೆ, ಕಿಲೋಮೀಟರುಗಟ್ಟಲೆ ದಾರಿ ಎಲ್ಲವನ್ನೂ ಇಟ್ಟುಕೊಳ್ಳುತ್ತದೆ. ಹತ್ತು ಲಕ್ಷಕ್ಕೆ ತುಸು ಕಡಿಮೆ ನರಕೋಶಗಳು. 1993ರಲ್ಲಿ ಬರ್ಲಿನ್ನಿನ ಮಾರ್ಟಿನ್ ಹ್ಯಾಮರ್ ಅವುಗಳಲ್ಲಿ ಒಂದನ್ನೇ ಹಿಡಿದರು. ಒಂದು ವಾಸನೆ ತೋರಿಸಿದ ಬೆನ್ನಿಗೆ, ಸಕ್ಕರೆ ಕೊಡದೆ, ಆ ಒಂದು ಕೋಶಕ್ಕೆ ವಿದ್ಯುತ್ ಹಾಯಿಸಿದರು. ಮುಂದೆ ಆ ವಾಸನೆ ಬಂದಾಗಲೆಲ್ಲ ಜೇನು, ಸಿಹಿ ಸಿಕ್ಕಿತ್ತೆಂದೇ ನಂಬಿ, ಸೊಂಡಿಲು ಚಾಚಿತು.