ಲಿನಕ್ಸ್ ಗಣಕದೊಳಗಿನ ಹಂಚಿಕೆಯ ಲೈಬ್ರರಿಗಳು

ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಲಿನಕ್ಸ್ ಗಣಕಗಳ ಮೇಲೆ ಪಾಠ ಕಲಿಯುವರು. ಕೇರಳದ ‘ಕೈಟ್’ ಸಂಸ್ಥೆಯು ಉಬುಂಟುವನ್ನು ಆಧರಿಸಿ ಆ ವ್ಯವಸ್ಥೆಯನ್ನು ಅಣಿಗೊಳಿಸಿರುವದು. ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿಯೂ ಪಾಲಕರಲ್ಲಿಯೂ ಲಿನಕ್ಸ್ ಬಳಸುವವರು ಇರಬಹುದು. ಅವರು ಸಿದ್ಧ ಸಾಫ್ಟ್‌ವೇರೊಂದನ್ನು ಇಳಿಸಿಕೊಂಡಾಗ, ಅದು ‘ಇಂಥ ಲೈಬ್ರರಿ ಸಿಕ್ಕಲಿಲ್ಲ’ ಎಂದು ತಿಳಿಸಿ ನಿಂತುಬಿಡುವದುಂಟು. ಇದರ ಕಾರಣವನ್ನೂ ಪರಿಹಾರವನ್ನೂ ಇಲ್ಲಿ ಸಂಕ್ಷೇಪವಾಗಿ ಹೇಳುವೆವು.

ಸಾಲಹಳ್ಳಿಯಂಥ ಊರಿನಲ್ಲಿ ಮದುವೆಯ ದೊಡ್ಡ ಹಂಡೆ ಕೊಪ್ಪರಿಗೆಗಳನ್ನು ಪ್ರತಿಯೊಂದು ಮನೆಯವರೂ ಕೊಳ್ಳಬೇಕಾಗಿಲ್ಲ. ಎಲ್ಲರಿಗೂ ಸೇರಿದವುಗಳನ್ನೇ ತಂದು ಬಳಸಿದರಾಯಿತು. ಲಿನಕ್ಸಿನಲ್ಲಿಯೂ ಹಾಗೆಯೇ. ಅನೇಕ ಸಾಫ್ಟ್‌ವೇರುಗಳಿಗೆ ಬೇಕಾಗುವ ಕೆಲಸಗಳನ್ನು ಒಂದೆಡೆ ಬರೆದಿಟ್ಟ ಕಡತವೇ ಹಂಚಿಕೆಯ ಲೈಬ್ರರಿ. ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸಿಕೊಡುವ ‘ಹಾರ್ಫ್‌ಬಝ್’ ಇಂಥದೊಂದು.

ಆದರೆ ಸಿದ್ಧ ಸಾಫ್ಟ್‌ವೇರು ತಾನು ಹುಟ್ಟಿದ ಗಣಕದ ಲೈಬ್ರರಿಯನ್ನು ಹೆಸರು ಹಿಡಿದೇ ಕೇಳುವದು. ಉಬುಂಟು 18.04ರಲ್ಲಿ ಗುಪ್ತಲಿಪಿಯ ಓಪನ್‌ಎಸ್‌ಎಸ್‌ಎಲ್ ಲೈಬ್ರರಿಯ 1.1ನೆಯ ಆವೃತ್ತಿ ಇದ್ದಿತು. 2022ರಲ್ಲಿ ಬಂದ 22.04ರಲ್ಲಿ ಅದರ ಸ್ಥಾನಕ್ಕೆ 3ನೆಯದು ಬಂದಿತು. ಹಳೆಯದನ್ನು ನೆಚ್ಚಿದ ಸಾಫ್ಟ್‌ವೇರು ಅಲ್ಲಿ ನಡೆಯದಾಯಿತು. ಹೊಸ ಕಡತಕ್ಕೆ ಹಳೆಯ ಹೆಸರಿಟ್ಟರೆ ಪ್ರಯೋಜನವಿಲ್ಲ. ಯಾತಕ್ಕೆಂದರೆ ಒಳಗಿನ ಕಟ್ಟಳೆಯೇ ಬೇರೆಯಾಗಿರುವದು. ಎಲ್ಲಕ್ಕೂ ಬುಡದಲ್ಲಿರುವ ‘ಜಿಲಿಬ್‌ಸಿ’ಯ ರೀತಿ ಬೇರೆ: ಹಳೆಯದರ ಮೇಲೆ ಕಟ್ಟಿದ ಸಾಫ್ಟ್‌ವೇರು ಹೊಸದರಲ್ಲಿ ಸಾಮಾನ್ಯವಾಗಿ ನಡೆಯುವದು, ಹೊಸದರ ಮೇಲೆ ಕಟ್ಟಿದ್ದು ಹಳೆಯದರಲ್ಲಿ ಅನೇಕ ವೇಳೆ ನಡೆಯದು.

ಆದುದರಿಂದ ಮೊದಲು ‘ಎಲ್‌ಡಿಡಿ’ ಎಂಬ ಆಜ್ಞೆಯಿಂದ ಯಾವ ಲೈಬ್ರರಿಯ ಕೊರತೆಯಿದೆಯೆಂಬುದನ್ನು ನೋಡಬೇಕು. ನಂಬಿಕೆಯಿಲ್ಲದ ಕಡತಕ್ಕೆ ಈ ಆಜ್ಞೆ ಸಲ್ಲದು. ಅದು ಆ ಕಡತವನ್ನೇ ನಡೆಸಿಬಿಡುವ ಸಂಭವವುಂಟು. ‘ರೀಡ್‌ಎಲ್ಫ್’ ಎಂಬುದಾದರೋ ಓದುವದಷ್ಟೇ. ಬಳಿಕ, ಕೊರತೆಯಾದ ಲೈಬ್ರರಿಯು ಉಬುಂಟುವಿನ ಭಾಂಡಾರದಲ್ಲಿದ್ದರೆ ‘ಆಪ್ಟ್’ ಮೂಲಕ ತರಿಸುವದೇ ಉತ್ತಮ. ಇಲ್ಲದಿದ್ದರೆ ಹಳೆಯ ಪ್ರತಿಯನ್ನು ಆ ಸಾಫ್ಟ್‌ವೇರಿನ ಕೋಶದಲ್ಲಿಯೇ ಇಟ್ಟು, ಅದೊಂದಕ್ಕೆ ಮಾತ್ರ ದಾರಿ ತೋರಿಸಬೇಕು. ಲೈಬ್ರರಿಗಳನ್ನು ತನ್ನೊಡನೆ ಹೊತ್ತು ತರುವ ‘ಆಪ್‌ಇಮೇಜ್’ ಮುಂತಾದ ರೂಪಗಳೂ ಉಂಟು. ಒಂದು ಸಾಫ್ಟ್‌ವೇರಿನ ಸಲುವಾಗಿ ಎಲ್ಲರ ಲೈಬ್ರರಿಯನ್ನು ಬದಲಿಸುವದು ಮಾತ್ರ ಸರ್ವಥಾ ಸಲ್ಲದು. ಹಾಗೆ ಮಾಡಿದರೆ ಗಣಕವೇ ಏಳದೆ ಹೋಗಬಹುದು.

ಆದರೆ ಸ್ವಂತ ಪ್ರತಿಗೂ ಬೆಲೆ ತೆರಬೇಕಾಗುವದು. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ‘ಹಾರ್ಟ್‌ಬ್ಲೀಡ್’ ಎಂಬ ದೋಷವು ಬೈಲಿಗೆ ಬಂದಿತು; ಅದರಿಂದ ಗುಪ್ತಪದಗಳೂ ಸೋರಿಹೋಗಬಹುದಾಗಿದ್ದಿತು. ಹಂಚಿಕೆಯ ಪ್ರತಿಯೊಂದನ್ನು ಸರಿಪಡಿಸಿ, ಅದನ್ನು ಬಳಸುತ್ತಿದ್ದ ಸಾಫ್ಟ್‌ವೇರುಗಳನ್ನು ಮರಳಿ ಆರಂಭಿಸಿದೊಡನೆ ಅವೆಲ್ಲಕ್ಕೂ ರಕ್ಷಣೆ ದೊರೆಯಿತು. ತಮ್ಮ ಪ್ರತಿಯನ್ನು ತಾವೇ ಹೊತ್ತವುಗಳನ್ನಾದರೋ ಒಂದೊಂದಾಗಿ ತಿದ್ದಬೇಕಾಯಿತು. ಮೇಲೆ ಹೇಳಿದ 1.1ರ ಸಾಲಿಗೂ ಅದರ ನಿರ್ಮಾಪಕರ ಉಚಿತ ದುರಸ್ತಿ 2023ರ ಸಪ್ಟೆಂಬರದಲ್ಲಿ ಮುಗಿದಿರುವದು. ಹಳೆಯ ಪ್ರತಿಯನ್ನು ಇಟ್ಟುಕೊಳ್ಳುವವರು ಅದರ ಕಾವಲನ್ನೂ ತಾವೇ ಹೊರಬೇಕು. ಹೊಸ ಲೈಬ್ರರಿಗೆ ತಕ್ಕ ಸಾಫ್ಟ್‌ವೇರು ದೊರೆತ ದಿನವೇ ಹಳೆಯದನ್ನು ತೆಗೆದುಹಾಕುವದು ಲೇಸೆಂದು ನಾವು ಭಾವಿಸುವೆವು.