ಯಂತ್ರದೊಳಗೊಂದು ಯಂತ್ರ

ಒಂದೇ ಕಂಪ್ಯೂಟರುಳ್ಳ ವಿದ್ಯಾರ್ಥಿಯು ಅದಕ್ಕೆ ಹಾನಿ ತಟ್ಟದಂತೆ ಅದರೊಳಗೇ ಮತ್ತೊಂದು ಕಂಪ್ಯೂಟರನ್ನು ಕಲ್ಪಿಸಿಕೊಂಡು ಪ್ರಯೋಗ ನಡೆಸಲು, 2007ರಲ್ಲಿ ಹೊರಬಂದ ವರ್ಚುವಲ್‌ಬಾಕ್ಸ್ ಸುಲಭ ಸಾಧನವಾಗಿದೆ. ಆದರೆ ಲಿನಕ್ಸಿನಲ್ಲಿ ಅದನ್ನು ಅಳವಡಿಸಿದವರು ಮೊದಲ ಹೆಜ್ಜೆಯಲ್ಲಿಯೇ ಎಡವುವುದುಂಟು. ಅಂಥವರು ಅದನ್ನು ಅಳಿಸಿ ಮತ್ತೆ ಮತ್ತೆ ಅಳವಡಿಸುವುದು ವ್ಯರ್ಥಶ್ರಮವೆಂದು ನಾವು ಹೇಳಬಯಸುತ್ತೇವೆ. ದೋಷವಿರುವುದು ಬಹುಮಟ್ಟಿಗೆ ತಂತ್ರಾಂಶದಲ್ಲಲ್ಲ. ಲಿನಕ್ಸಿನ ತಿರುಳಾದ ಕರ್ನೆಲಿಗೂ ಅದಕ್ಕೂ ಇರಬೇಕಾದ ಹೊಂದಾಣಿಕೆಯಲ್ಲಿ.

ವಿಬಾಕ್ಸ್‌ಡಿಆರ್‌ವಿ ಎಂಬ ಮಾಡ್ಯೂಲು ಚಾಲ್ತಿಯಲ್ಲಿರುವ ಕರ್ನೆಲಿಗೆ ತಕ್ಕಂತೆಯೇ ಸಿದ್ಧವಾಗಬೇಕು. ಆದಕಾರಣ ಅದೇ ಆವೃತ್ತಿಯ ಹೆಡರ್ ಕಡತಗಳೂ ಜಿಸಿಸಿ, ಮೇಕ್, ಪರ್ಲ್‌ಗಳೂ ಮೊದಲೇ ಇರತಕ್ಕದ್ದು. ಕರ್ನೆಲ್ ಬದಲಾದಾಗಲೆಲ್ಲ ಈ ಕಾರ್ಯ ಮರಳಿ ನಡೆಯಬೇಕು. ಡಿಕೆಎಂಎಸ್ ಇದ್ದಲ್ಲಿ ಅದು ತಾನಾಗಿಯೇ ನಡೆಯುತ್ತದೆ.

ಸೆಕ್ಯೂರ್ ಬೂಟ್ ಜಾರಿಯಲ್ಲಿರುವ ಯಂತ್ರದಲ್ಲಿ ಸಹಿಯಿಲ್ಲದ ಮಾಡ್ಯೂಲನ್ನು ಕರ್ನೆಲ್ ಸಾಮಾನ್ಯವಾಗಿ ಒಳಬಿಡದು. ಆ ಕಾವಲನ್ನೇ ತೆಗೆದುಹಾಕುವುದು ಸುಲಭವಾದರೂ ವಿವೇಕವಲ್ಲ. ಸ್ವಂತ ಕೀಲಿಯಿಂದ ಮಾಡ್ಯೂಲಿಗೆ ಸಹಿ ಹಾಕಿ, ಮೋಕ್‌ಯುಟಿಲ್ ಮೂಲಕ ಆ ಕೀಲಿಯನ್ನು ನೋಂದಾಯಿಸಿ, ಯಂತ್ರವು ಮತ್ತೆ ಆರಂಭವಾಗುವಾಗ ಒಪ್ಪಿಗೆ ಕೊಡುವುದೇ ಲೇಸು.

2024ರಲ್ಲಿ ಬಂದ 6.12ನೆಯ ಕರ್ನೆಲಿನಿಂದೀಚೆಗೆ, ಕೆವಿಎಂ ಲೋಡ್ ಆದೊಡನೆ ಪ್ರೊಸೆಸರಿನ ವರ್ಚುವಲೈಸೇಶನ್ ಸೌಲಭ್ಯವನ್ನು ವಶಪಡಿಸಿಕೊಂಡು ವರ್ಚುವಲ್‌ಬಾಕ್ಸಿಗೆ ತೊಡಕುಂಟಾದದ್ದೂ ಇದೆ; ಆಗ ಕೆವಿಎಂ ಮಾಡ್ಯೂಲನ್ನು ಇಳಿಸಿ ನೋಡಬೇಕು. ಏನೇ ಇರಲಿ, ದೋಷಸೂಚನೆಯನ್ನು ಸಾವಧಾನದಿಂದ ಓದಿದ ಬಳಿಕವೇ ದುರಸ್ತಿಗೆ ಕೈಹಾಕುವುದು ಉಚಿತ.